ಅಜ್ಜಿಯ ಮಜ್ಜೆ, ಎರಡು ಬಾರಿ

ಗಾಜಿನ ಸ್ಲೈಡಿನ ಮೇಲೆ ಒಂದು ಮಗುವಿನ ನೂರು ಬಿಳಿರಕ್ತಕಣ ಎಣಿಸಿದೆ. ಒಂದೂ ನೀಲಿಯಾಗಿರಲಿಲ್ಲ. ಬಣ್ಣವೇ ಕೆಟ್ಟಿರಬಹುದೆಂದು ನನ್ನ ಬೆರಳು ಚುಚ್ಚಿಕೊಂಡು ಇನ್ನೊಂದು ಸ್ಲೈಡ್ ಮಾಡಿದೆ. ಅದರಲ್ಲಿ ಕಂಡದ್ದೆಲ್ಲ ಕಡುನೀಲಿ. ಬಣ್ಣ ಕೆಟ್ಟಿರಲಿಲ್ಲ.

ಆ ಪರೀಕ್ಷೆ ಬಹಳ ಹಳೆಯದು, ಸರಳವಾದದ್ದು. ನಮ್ಮ ಬಿಳಿರಕ್ತಕಣ ಒಂದು ರೋಗಾಣುವನ್ನು ನುಂಗಿದ ಮೇಲೆ ತನ್ನೊಳಗೆ ಒಂದು ರಾಸಾಯನಿಕ ಉರಿ ಹೊತ್ತಿಸಿಕೊಂಡು ಅದನ್ನು ಕೊಲ್ಲುತ್ತದೆ. ಉರಿ ಹೊತ್ತಿಕೊಂಡರೆ ನಾವು ಹಾಕಿದ ಹಳದಿ ಬಣ್ಣ ನೀಲಿಗೆ ತಿರುಗುತ್ತದೆ. ಈ ಮಗುವಿನ ಕಣಗಳು ನುಂಗುತ್ತಿದ್ದವು, ಕೊಲ್ಲುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಇಂಥ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಹಳಸಿದ ರೊಟ್ಟಿಯ ಮೇಲೆ, ನೆನೆದ ಹುಲ್ಲಿನ ಮೇಲೆ, ಗೋಡೆಯ ಮೂಲೆಯಲ್ಲಿ ಬೆಳೆಯುವ ಸಾಮಾನ್ಯ ಬೂಷ್ಟು. ಉಳಿದ ನಾವೆಲ್ಲ ದಿನವೂ ಅದರ ಬೀಜಗಳನ್ನು ಉಸಿರಾಡಿ ಮರೆಯುತ್ತೇವೆ. ಇವರ ಶ್ವಾಸಕೋಶದಲ್ಲಿ ಅದು ಬೇರು ಬಿಡುತ್ತದೆ.

ಮಗುವಿಗೆ ಐದೂವರೆ ವರ್ಷ, ಹೆಣ್ಣು. ಕುತ್ತಿಗೆಯ ಗಡ್ಡೆಯನ್ನು ಮೂರು ಸಲ ಕೊಯ್ದು ಕೀವು ತೆಗೆದಿದ್ದರು. ಕ್ಷಯವೆಂದು ಎರಡು ಸಲ ಪೂರ್ತಿ ಔಷಧಿ ಕೊಟ್ಟಿದ್ದರು. ಜಯನಗರದ ನಮ್ಮ ಆಸ್ಪತ್ರೆಗೆ ಬರುವಷ್ಟರಲ್ಲಿ ಅದರ ಫೈಲು ಒಂದು ಬಟ್ಟೆಯ ಚೀಲ ತುಂಬುವಷ್ಟಾಗಿತ್ತು. ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಮಕ್ಕಳ ರಕ್ತರೋಗಗಳನ್ನು ನೋಡುತ್ತಿದ್ದವಳು ನಾನೊಬ್ಬಳೇ. ದೊಡ್ಡವರ ವಿಭಾಗದಲ್ಲಿ ಒಬ್ಬ ಹಿರಿಯ ವೈದ್ಯರಿದ್ದರು. ಗಾಳಿ ಸೋಸುವ ಯಂತ್ರವಿದ್ದ ಎರಡು ಕೋಣೆಗಳು ನಮ್ಮಿಬ್ಬರ ವಿಭಾಗಗಳಿಗೂ ಸೇರಿದ್ದವು.

ಫಲಿತಾಂಶ ಹೇಳಲು ಮನೆಯವರನ್ನು ಕರೆಸಿದೆ. ಅಪ್ಪ, ಅಮ್ಮ, ಅಜ್ಜಿ ಮೂವರೂ ಬಂದರು. ಸುದ್ದಗುಂಟೆಪಾಳ್ಯದ ಹಳೇ ಮನೆತನ. ಬಿ.ಟಿ.ಎಂ. ಬಡಾವಣೆಯಾಗುವ ಮೊದಲು ಅಲ್ಲೆಲ್ಲ ಇವರ ರಾಗಿ ಹೊಲ, ಸೊಪ್ಪಿನ ಮಡಿಗಳಿದ್ದವಂತೆ. ಈಗ ಅದೇ ಜಾಗದಲ್ಲಿ ಮೂರು ಮಹಡಿಯ ಮನೆ. ಮೇಲಿನೆರಡು ಮಹಡಿಗಳಲ್ಲಿ ಬಿಜಾಪುರ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು ಬಾಡಿಗೆಗೆ. ಹಿತ್ತಲಲ್ಲಿ ಮಾತ್ರ ಎರಡು ಹಸು, ಮಣ್ಣುಗೋಡೆಯ ಕೊಟ್ಟಿಗೆ, ಅದರ ಅಟ್ಟದಲ್ಲಿ ಹಳೇ ಹುಲ್ಲು ಉಳಿದಿದ್ದವು.

ಮಾತಿನ ನಡುವೆ ಒಂದು ವಿಷಯ ಕಿವಿಗೆ ಬಿತ್ತು. ಆ ಅಜ್ಜಿಯನ್ನು ಮಗುವಿನ ಅಮ್ಮ "ಅಮ್ಮಾ" ಎನ್ನುತ್ತಿದ್ದಳು, ಅಪ್ಪ "ಅಕ್ಕಾ" ಎನ್ನುತ್ತಿದ್ದ.

"ಸಂಬಂಧದಲ್ಲಿ ಮದುವೆನಾ?" ಎಂದೆ.

ಅಜ್ಜಿಯೇ ಉತ್ತರ ಕೊಟ್ಟಳು. "ನಾನೇ ಕೊಟ್ಟಿದ್ದು ಕಣಮ್ಮ. ನನ್ ಮಗಳ್ನ ನನ್ ತಮ್ಮಂಗೆ. ಕಣ್ಮುಂದೆ ಇರ್ತಾಳೆ ಅಂತ. ಯಾಕೆ?"

ಹೇಳಲೇಬೇಕಿತ್ತು. ಒಂದೇ ಬೇರಿನಿಂದ ಬಂದ ಒಂದು ಸಣ್ಣ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಅರ್ಧರ್ಧ ಇದೆ, ಅವರಿಗೆ ಅದರಿಂದ ತೊಂದರೆಯಿಲ್ಲ, ಎರಡೂ ಅರ್ಧ ಒಟ್ಟಿಗೆ ಬಂದ ಮಗುವಿಗೆ ರೋಗ ಎಂದು ಆದಷ್ಟು ಮೆತ್ತಗೆ ಹೇಳಿದೆ. ಮಗುವಿನ ಅಮ್ಮ ನೆಲ ನೋಡುತ್ತ ಕೂತಿದ್ದಳು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಮುಂದಿನ ಮಾತಿಗೆ ಹಾರಿದೆ. ಔಷಧಿಗಳ ಹೆಸರು ಬರೆದೆ. ಮಣ್ಣು ಅಗೆಯುವುದು, ತಿಪ್ಪೆ, ಹುಲ್ಲು ಇವುಗಳ ಹತ್ತಿರ ಮಗು ಸುಳಿಯಬಾರದೆಂದೆ. "ಆ ಕೊಟ್ಟಿಗೆ ಇರಬಾರದು" ಎಂದೆ.

"ನಾಳೇನೇ ತೆಗೆಸಾಕ್ತೀನಿ ಮೇಡಂ" ಎಂದ ಅಪ್ಪ.

ಹೇಳಿದಂತೆಯೇ ಮಾಡಿದ. ಮರುದಿನವೇ ಆಳುಗಳನ್ನು ಕರೆಸಿ ಹುಲ್ಲು ಕೆಳಗಿಳಿಸಿ ಗೋಡೆ ಬೀಳಿಸಿದ. ಇಡೀ ಹಿತ್ತಲು ದೂಳು. ಮಗು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ದಿನವಿಡೀ ತಮಾಷೆ ನೋಡಿತು. ಕೊಟ್ಟಿಗೆ ತೆಗೆಯಿರಿ ಎಂದವಳು ನಾನು. ತೆಗೆಯುವಾಗ ಮಗುವನ್ನು ಬೇರೆ ಕಡೆ ಇಡಿ ಎಂದು ಹೇಳಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಮಗುವನ್ನು ಎತ್ತಿಕೊಂಡು ಬಂದರು. ಉಸಿರಾಟ ನಿಮಿಷಕ್ಕೆ ಅರವತ್ತು, ತುಟಿ ಕಪ್ಪಗೆ. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಹತ್ತಿಯ ಉಂಡೆಗಳಂಥ ಬಿಳಿ ಕಲೆ. ಏನಾಯಿತೆಂದು ಕೇಳಿದಾಗ ಅಪ್ಪ ಕೊಟ್ಟಿಗೆಯ ಕಥೆ ಹೇಳಿದ. ಎಕ್ಸ್-ರೇ ನನ್ನ ಕೈಯಲ್ಲೇ ಇತ್ತು. ನಾನು ಹೇಳಬೇಕಿದ್ದ ಒಂದು ಮಾತು ಹೇಳದೆ ಬಿಟ್ಟಿದ್ದೆ ಎಂದು ಅವನಿಗೆ ಅಲ್ಲೇ ಹೇಳಿದೆ. ಅವನು "ಈಗೇನ್ಮಾಡ್ಬೇಕು ಹೇಳಿ ಮೇಡಂ" ಎಂದ. ಬೈದಿದ್ದರೆ ಸುಲಭವಾಗುತ್ತಿತ್ತು.

ಎದೆಗೆ ಸಣ್ಣ ಸೂಜಿ ಹಾಕಿ ತೆಗೆದ ದ್ರವದಲ್ಲಿ ಬೂಷ್ಟು ಬೆಳೆಯಿತು. ಆಗ ನಮ್ಮ ಕೈಯಲ್ಲಿದ್ದ ಮುಖ್ಯ ಔಷಧಿ ರಕ್ತನಾಳದ ಮೂಲಕ ನಾಲ್ಕು ಗಂಟೆ ಹನಿಹನಿಯಾಗಿ ಹೋಗಬೇಕಿತ್ತು. ಅದು ಒಳಗೆ ಹೋಗುತ್ತಿದ್ದಂತೆ ಮಗುವಿಗೆ ಹಲ್ಲು ಕಡಿಯುವಂಥ ನಡುಕ. ಕಂಬಳಿ ಮೇಲೆ ಕಂಬಳಿ ಹೊದಿಸಿ ಅಜ್ಜಿ ಮೇಲೊರಗಿ ಹಿಡಿದುಕೊಳ್ಳುತ್ತಿದ್ದಳು. ಮೂತ್ರಪಿಂಡಕ್ಕೆ ಪೆಟ್ಟು ಬೀಳತೊಡಗಿದಾಗ, ಆಗಷ್ಟೇ ಬಂದಿದ್ದ ಹೊಸ ಮಾತ್ರೆಗೆ ಬದಲಾಯಿಸಿದೆವು. ಮೂರನೇ ವಾರ ಮಗು ಆಕ್ಸಿಜನ್ ಇಲ್ಲದೆ ಉಸಿರಾಡತೊಡಗಿತು. ಕಲೆಗಳು ಕುಗ್ಗಿದವು, ಹೋಗಲಿಲ್ಲ. ಎಷ್ಟು ಔಷಧಿ ಕೊಟ್ಟರೂ ಕೊನೆಯಲ್ಲಿ ಕೊಲ್ಲಬೇಕಾದದ್ದು ಅವಳ ಕಣಗಳೇ. ಅವುಗಳಿಗೆ ಆ ಕೆಲಸ ಬರುತ್ತಿರಲಿಲ್ಲ.

ಕಣಗಳನ್ನೇ ಬದಲಾಯಿಸುವುದು ಉಳಿದ ದಾರಿ. ಆರೋಗ್ಯವಂತರ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತವನ್ನೆಲ್ಲ ಹುಟ್ಟಿಸುವ ಕಾಂಡಕೋಶಗಳಿರುತ್ತವೆ. ಮಗುವಿನ ಹಳೆಯ ಮಜ್ಜೆಯನ್ನು ಔಷಧಿಯಿಂದ ಬರಿದು ಮಾಡಿ ಆ ಕೋಶಗಳನ್ನು ಬಿತ್ತುವುದು. ಅದಕ್ಕೆ ಅಂಗಾಂಶ ಹೊಂದಬೇಕು. ಒಡಹುಟ್ಟಿದವರಲ್ಲಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗುವಿಗೆ ಒಬ್ಬಳೇ ಅಕ್ಕ, ಹನ್ನೊಂದು ವರ್ಷದವಳು. ನೆಗಡಿ ಕೂಡ ಅಪರೂಪವಾಗಿದ್ದ ಗಟ್ಟಿ ಹುಡುಗಿ. ಎಲ್ಲರ ರಕ್ತವನ್ನೂ ಬೇರೆ ಊರಿನ ಲ್ಯಾಬ್‌ಗೆ ಕಳಿಸಿದೆವು. ಅಪ್ಪ, ಅಮ್ಮ ಅರ್ಧ ಮಾತ್ರ ಹೊಂದಿದರು. ಅಕ್ಕ ಪೂರ್ತಿ ಹೊಂದಿದಳು.

ಆ ಕಾಗದ ಕೈಗೆ ಬಂದ ಮಧ್ಯಾಹ್ನ ಯಾರಿಗೂ ಹೇಳಲಿಲ್ಲ. ಅಕ್ಕನನ್ನು ಕರೆಸಿ ಒಂದು ಹನಿ ರಕ್ತ ತೆಗೆದುಕೊಂಡು ಸ್ಲೈಡ್ ಮಾಡಿದೆ. ನೂರು ಎಣಿಸಿದೆ. ಇನ್ನೂ ನೂರು ಎಣಿಸಿದೆ. ಒಂದೂ ನೀಲಿಯಾಗಿರಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು ನೋಡಿದರೆ ದವಡೆಯ ಕೆಳಗೆ ಒಂದು ಹಳೇ ಗಾಯದ ಗೆರೆ. "ಚಿಕ್ಕೋಳಿದ್ದಾಗ ಕುರು ಆಗಿತ್ತು ಆಂಟಿ, ವಾಸಿಯಾಯ್ತು" ಎಂದಳು.

ಸಂಜೆ ಅಪ್ಪ ಅಮ್ಮನನ್ನು ಕೂರಿಸಿಕೊಂಡೆ. ಯಾವ ಮಾತನ್ನು ಮೊದಲು ಹೇಳುವುದೆಂದು ಗೊತ್ತಾಗದೆ ಕಾಗದದಲ್ಲಿದ್ದ ಕ್ರಮದಲ್ಲೇ ಹೇಳಿದೆ. ಅಕ್ಕನ ಅಂಗಾಂಶ ಹೊಂದಿದೆ. ಆದರೆ ಅವಳು ಕೊಡಲು ಬರುವುದಿಲ್ಲ. ಅವಳಿಗೂ ಅದೇ ರೋಗ ಇದೆ.

ಮೊದಲ ಮಾತಿಗೆ ಅಮ್ಮ ಕೈಮುಗಿದಿದ್ದಳು. ಮೂರನೆಯದು ಮುಗಿದಾಗಲೂ ಆ ಕೈಗಳು ಹಾಗೇ ಇದ್ದವು, ಬಿಡಿಸಿಕೊಳ್ಳುವುದನ್ನು ಮರೆತ ಹಾಗೆ. "ಅವಳಿಗೇನೂ ಆಗಿಲ್ವಲ್ಲ ಮೇಡಂ, ಸ್ಕೂಲ್‌ಗೆ ಹೋಗ್ತಾಳಲ್ಲ" ಎಂದಳು. ಕೆಲವರಲ್ಲಿ ಇದು ವರ್ಷಗಟ್ಟಲೆ ಸುಮ್ಮನಿರುತ್ತದೆ ಎಂದೆ. ಅಂದಿನಿಂದ ಇಬ್ಬರಿಗೂ ಔಷಧಿ ಶುರುವಾಯಿತು; ಅಗೆದ ಮಣ್ಣು, ಹುಲ್ಲಿನ ಹತ್ತಿರ ಇನ್ನು ಅಕ್ಕನೂ ಹೋಗಬಾರದೆಂದೆ.

ಹಿರಿಯ ವೈದ್ಯರಿಗೆ ಇದನ್ನು ಹೇಳಿದಾಗ ಅವರು ಒಂದು ಬಿಳಿ ಹಾಳೆ ಮುಂದಿಟ್ಟು, "ವಂಶವೃಕ್ಷ ಬರೀರಿ. ಸಂಬಂಧದ ಮದುವೆ ಅಂದ್ರೆ ದಾನಿ ಎಲ್ಲೋ ಒಂದ್ಕಡೆ ಇದ್ರೂ ಇರ್ಬೋದು" ಎಂದರು. ಪ್ರತಿ ಮಗುವಿಗೂ ಅಂಗಾಂಶದ ಅರ್ಧ ಗುರುತು ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಇಲ್ಲಿ ಅಪ್ಪ ಅಜ್ಜಿಯ ತಮ್ಮ, ಅಮ್ಮ ಅಜ್ಜಿಯ ಮಗಳು. ಬರೆಯುತ್ತ ಹೋದಂತೆ ಎಲ್ಲ ಗೆರೆಗಳೂ ಒಬ್ಬಳ ಹತ್ತಿರ ಬಂದು ನಿಂತವು. ಅಜ್ಜಿಯ ರಕ್ತ ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು: ಪೂರ್ತಿ ಹೊಂದಿಕೆ. ಮಗುವಿಗೂ, ಅದರ ಅಕ್ಕನಿಗೂ. ಅಜ್ಜಿಯ ಸ್ಲೈಡಿನ ಕಣಗಳೆಲ್ಲ ನೀಲಿ.

ಅಜ್ಜಿಗೆ ಐವತ್ನಾಲ್ಕು ವರ್ಷ. "ನಿಮ್ಮ ಸೊಂಟದ ಮೂಳೆಯಿಂದ ಮಜ್ಜೆ ತೆಗೀಬೇಕು, ಪ್ರಜ್ಞೆ ತಪ್ಪಿಸಿ" ಎಂದು ವಿವರಿಸತೊಡಗಿದೆ.

"ಎಷ್ಟ್ ಬೇಕೋ ತಗೊಳಮ್ಮ. ಕೊಟ್ಟಿದ್ದೂ ನಾನೇ ಅಲ್ವಾ" ಎಂದಳು. ಮಗಳನ್ನು ಮದುವೆ ಮಾಡಿಕೊಟ್ಟದ್ದನ್ನು ಹೇಳಿದಳೋ, ರೋಗವನ್ನು ಹೇಳಿದಳೋ, ನಾನು ಕೇಳಲಿಲ್ಲ.

ಆದರೆ ಎದೆಯಲ್ಲಿ ಬೂಷ್ಟು ಇಟ್ಟುಕೊಂಡು ಕಸಿ ಮಾಡುವುದು ಹೇಗೆ? ಹಳೆಯ ಮಜ್ಜೆ ಬರಿದಾದ ಮೇಲೆ ಹೊಸದು ಚಿಗುರುವವರೆಗೆ ಎರಡು ಮೂರು ವಾರ ಮೈಯಲ್ಲಿ ಕಾವಲೇ ಇರುವುದಿಲ್ಲ. "ಈಗ ಮಾಡಿದ್ರೆ ಬೂಷ್ಟೇ ಗೆಲ್ಲೋದು. ಕಾಯೋಣ" ಎಂದರು ಹಿರಿಯ ವೈದ್ಯರು. ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ನಾನೂ ಒಪ್ಪಿದೆ. ಹನ್ನೊಂದು ವಾರ ಕಾದೆವು. ಎರಡು ವಾರಕ್ಕೊಮ್ಮೆ ಸ್ಕ್ಯಾನ್. ಕಲೆಗಳು ಒಂದೊಂದಾಗಿ ಮಾಯವಾಗಿ ಬಲಗಡೆಯ ಒಂದೇ ಒಂದು ಉಳಿಯಿತು, ನೆಲ್ಲಿಕಾಯಿ ಗಾತ್ರದ್ದು. ಹನ್ನೆರಡನೇ ವಾರ ಅದು ಮತ್ತೆ ಬೆಳೆದು ಪಕ್ಕೆಲುಬಿಗೆ ತಾಗಿಕೊಂಡಿತ್ತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಮಜ್ಜೆ ಬರಿದು ಮಾಡುವ ಔಷಧಿಯ ಪ್ರಮಾಣ ಕಡಿಮೆ ಮಾಡಿ, ಮೈಗೆ ಕಡಿಮೆ ಪೆಟ್ಟು ಬೀಳುವ ಬಗೆಯಲ್ಲಿ ಕಸಿ ಮಾಡುವುದೆಂದು ತೀರ್ಮಾನಿಸಿದೆವು.

ಗಾಳಿ ಸೋಸುವ ಆ ಎರಡು ಕೋಣೆಗಳಲ್ಲಿ ಮೊದಲನೆಯದಕ್ಕೆ ಮಗು ಸೇರಿತು. ಎದೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಕೂರಿಸಿ, ಎಂಟು ದಿನ ಆ ಔಷಧಿ ಕೊಟ್ಟೆವು. ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿಯನ್ನು ಆಪರೇಷನ್ ಥಿಯೇಟರಿನಲ್ಲಿ ಬೋರಲು ಮಲಗಿಸಿ ನಾನು ಒಂದು ಬದಿ, ಹಿರಿಯ ವೈದ್ಯರು ಒಂದು ಬದಿ ನಿಂತೆವು. ಸೊಂಟದ ಹಿಂಬದಿಯ ಮೂಳೆಗೆ ದಪ್ಪ ಸೂಜಿ ತಿರುಗಿಸಿ ಇಳಿಸಬೇಕು, ಸಿರಿಂಜಿನಲ್ಲಿ ಐದು ಎಂ.ಎಲ್. ಎಳೆಯಬೇಕು, ಸೂಜಿಯ ದಿಕ್ಕು ಬದಲಿಸಿ ಮತ್ತೆ ಎಳೆಯಬೇಕು. ಒಂದೇ ಕಡೆ ಹೆಚ್ಚು ಎಳೆದರೆ ಬರೀ ರಕ್ತ ಬರುತ್ತದೆ, ಮಜ್ಜೆ ಬರುವುದಿಲ್ಲ. ರಾಗಿ ಮುದ್ದೆ ತಿರುವಿ, ಹೊಲದ ಕಳೆ ಕಿತ್ತು ಬೆಳೆದ ಮೂಳೆ; ನನ್ನ ಮಣಿಕಟ್ಟು ಸೋತುಹೋಯಿತು. ಎರಡು ಗಂಟೆಯಲ್ಲಿ ಮುನ್ನೂರು ಎಂ.ಎಲ್. ತುಂಬಿತು. ಜರಡಿ ಹಿಡಿದು ಚೀಲಕ್ಕೆ ಹಾಕಿ, ನಾನೇ ಎದೆಗವಚಿಕೊಂಡು ಮೂರನೇ ಮಹಡಿಗೆ ಒಯ್ದೆ. ಕಡುಗೆಂಪಗೆ, ಮೇಲೆ ತೆಳ್ಳಗೆ ಜಿಡ್ಡು. ಮೂರು ಗಂಟೆಯಲ್ಲಿ ಅದೆಲ್ಲ ಮಗುವಿನ ಮೈ ಸೇರಿತು. ಮಗು ಚಿತ್ರಕ್ಕೆ ಬಣ್ಣ ಹಾಕುತ್ತ ಕೂತಿತ್ತು.

ಕಸಿಯಾದ ಐದನೇ ದಿನ ಬಿಳಿರಕ್ತಕಣ ಸೊನ್ನೆ. ಏಳನೇ ದಿನ ಜ್ವರ. ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯಲಿಲ್ಲ. ಒಂಬತ್ತನೇ ದಿನದ ಎಕ್ಸ್-ರೇಯಲ್ಲಿ ಕಲೆ ದೊಡ್ಡದಾಗಿತ್ತು. ಹೊಸ ಮಜ್ಜೆ ಚಿಗುರುವವರೆಗೆ ಬೇರೆಯವರ ಬಿಳಿರಕ್ತಕಣಗಳನ್ನು ಎರವಲು ತರಬೇಕಾಯಿತು. ಅವು ಒಂದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ದಿನಕ್ಕೊಬ್ಬ ಹೊಸ ದಾನಿ ಬೇಕು. ಹಿಂದಿನ ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು, ಮರುದಿನ ಮೂರು ಗಂಟೆ ಯಂತ್ರಕ್ಕೆ ಎರಡೂ ತೋಳು ಕೊಟ್ಟು ಮಲಗಬೇಕು.

ಅಪ್ಪ ಯಾರಿಗೆ ಏನು ಹೇಳಿದನೋ, ಅವನ ಮನೆಯ ಬಾಡಿಗೆಯ ಹುಡುಗರು ಬಂದು ನಿಂತರು. ಒಬ್ಬ ಬಿಜಾಪುರದ ಕಡೆಯವನು, ಯಾವುದೋ ಕಚೇರಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ನಿದ್ದೆಗೆಟ್ಟಿದ್ದೀರಿ, ಇವತ್ತು ಬೇಡ ಎಂದೆ.

"ಏನಾಗೂದಿಲ್ರಿ ಮೇಡಂ, ಮಲಕೊಂಡ ಕೊಡೂದೈತಲ್ಲ. ಇಲ್ಲೇ ನಿದ್ದಿ ಮಾಡ್ತೇನಿ" ಎಂದ. "ಆ ಕೂಸು ದಿನಾ ಮೆಟ್ಟಲಾ ಹತ್ತಿ ಬಂದು ನಮ್ಮ ಖೋಲಿ ಬಾಗಲಾ ಬಡೀತಿತ್ರಿ. ಐದಾರ ತಿಂಗಳಾತು, ಯಾರೂ ಬಡದಿಲ್ರಿ."

ಎಂಟು ದಿನ ಎಂಟು ಜನ ಕೊಟ್ಟರು. ಹದಿನೆಂಟನೇ ದಿನ ಲ್ಯಾಬಿನಿಂದ ಫೋನ್ ಬಂತು: ಬಿಳಿರಕ್ತಕಣ ಆರುನೂರು. ಕೊನೆಯ ಎರವಲು ಕೊಟ್ಟು ಎರಡು ದಿನ ಕಳೆದಿತ್ತು, ಇವು ಮಗುವಿನ ಮೈಯಲ್ಲೇ ಹುಟ್ಟಿದವು. ಸ್ಲೈಡ್ ಮಾಡಿ ನೋಡಿದೆ. ನೀಲಿ. ಅಜ್ಜಿಯನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಲು ಅವಳಿಗೆ ಬರಲಿಲ್ಲ. "ಏನೋ ಐತೆ. ನೀವು ಹೇಳಿದ್ ಮೇಲೆ ಸರಿ" ಎಂದಳು.

ಹೊಸ ಕಣಗಳು ಬಂದ ಮೇಲೆ ಎಲ್ಲಕ್ಕಿಂತ ಮೊದಲು ಬೂಷ್ಟಿನ ಮೇಲೆರಗುತ್ತವೆ. ಆ ಕಾಳಗದಲ್ಲಿ ಶ್ವಾಸಕೋಶ ಊದಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು, ಊತ ಇಳಿಸಲು ಔಷಧಿಯನ್ನೂ ಶುರುಮಾಡಿದ್ದೆ. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಮಗು ಕೆಮ್ಮಿತು. ಬಿಳಿ ಹೊದಿಕೆಯ ಮೇಲೆ ರಕ್ತ. ಬೂಷ್ಟು ಕೊರೆದಿದ್ದ ಜಾಗದಲ್ಲಿ ಒಂದು ದೊಡ್ಡ ರಕ್ತನಾಳ ಒಡೆದಿತ್ತು. ಉಸಿರುನಾಳಕ್ಕೆ ಕೊಳವೆ ಹಾಕಿದೆವು, ರಕ್ತ ಕೊಟ್ಟೆವು, ಶಸ್ತ್ರಚಿಕಿತ್ಸಕರು ಮೆಟ್ಟಿಲು ಹತ್ತಿ ಓಡಿ ಬಂದರು. ಅವರು ಕೈತೊಳೆದು ಗೌನ್ ಹಾಕಿಕೊಳ್ಳುವುದರೊಳಗೆ ಎಲ್ಲ ಮುಗಿದಿತ್ತು.

ಅದಾದ ಮೇಲಿನ ವಾರಗಳು ನನಗೆ ಸರಿಯಾಗಿ ನೆನಪಿಲ್ಲ. ಹೊರರೋಗಿಗಳನ್ನು ನೋಡುತ್ತಿದ್ದೆ, ಚೀಟಿ ಬರೆಯುತ್ತಿದ್ದೆ, ಬಸ್ಸು ಹತ್ತಿ ಬನಶಂಕರಿಯ ಮನೆಗೆ ಹೋಗಿ ಮಲಗುತ್ತಿದ್ದೆ. ಕಾಯದೇ ಇದ್ದಿದ್ದರೆ ಎಂದು ಯೋಚಿಸುತ್ತಿದ್ದೆ. ನಿಜಕ್ಕೂ ಕಾದದ್ದು ತಪ್ಪೇ ಎಂದು ಇಂದಿಗೂ ನನಗೆ ಗೊತ್ತಿಲ್ಲ. ಆ ಹನ್ನೊಂದು ವಾರಗಳಲ್ಲಿ ಒಂದು ದಿನ ಆರಿಸಿ, ಇಲ್ಲಿ ಮಾಡಬೇಕಿತ್ತು ಎಂದು ಬೆರಳಿಡಲು ನನ್ನಿಂದಾಗಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಅಜ್ಜಿ ದೊಡ್ಡ ಹುಡುಗಿಯನ್ನು ಕರೆದುಕೊಂಡು ಬಂದಳು. ಔಷಧಿಗೆಂದುಕೊಂಡೆ. ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅಜ್ಜಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

"ಇವಳಿಗ್ ಯಾವಾಗ ಮಾಡ್ತೀರಿ ಡಾಕ್ಟ್ರಮ್ಮ?"

"ಏನು?"

"ಅದೇ. ನನ್ ಮೂಳೇದು ಇವಳಿಗೂ ಹೊಂದುತ್ತೆ ಅಂದಿದ್ರಲ್ಲ."

"ಅವಳು ಚೆನ್ನಾಗಿದಾಳಮ್ಮ. ಮಾತ್ರೆ ತಗೋತಿದಾಳೆ. ಈಗ್ಲೇ ಏನವಸರ?"

ಅಜ್ಜಿ ನನ್ನ ಮುಖ ನೋಡಿದಳು. "ಚಿಕ್ಕದೂ ಒಂದ್ ದಿನ ಚೆನ್ನಾಗೇ ಇತ್ತು. ಒಂದು ಹೋಯ್ತು ಅಂತ ಇನ್ನೊಂದರ ಮುಂದೆ ಕಾಯ್ತಾ ಕೂರ್ಬೇಕಾ? ಎದೇಲಿ ಆ ಹಾಳು ಬೂಷ್ಟು ಬರೋ ತಂಕ? ನಿಮಗೆ ಭಯ ಆಗೈತೆ. ನಂಗೂ ಆಗೈತೆ. ಇನ್ನು ಐದ್ ವರ್ಷ ಆದ್ಮೇಲೆ ನಾನ್ ಇರ್ತೀನೋ ಇಲ್ವೋ."

ಯೋಚಿಸಿ ಹೇಳುತ್ತೇನೆಂದು ಕಳಿಸಿದೆ. ಆ ಮುದುಕಿ ಹೇಳಿದ್ದು ನನಗೆ ಗೊತ್ತಿಲ್ಲದ್ದಲ್ಲ. ಮಗು ಚೆನ್ನಾಗಿರುವಾಗಲೇ ಮಾಡಿದರೆ ಕಸಿ ಗೆಲ್ಲುವ ಸಾಧ್ಯತೆ ಹೆಚ್ಚು. ಆದರೆ ಶಾಲೆಗೆ ಹೋಗಿ ಕುಂಟೆಬಿಲ್ಲೆ ಆಡಿಕೊಂಡಿರುವ ಹುಡುಗಿಯನ್ನು ಮಲಗಿಸಿ ಅವಳ ಮಜ್ಜೆಯನ್ನು ಬರಿದು ಮಾಡುವುದು, ಅದೂ ಆ ಮನೆಯಲ್ಲಿ ಈಗಾಗಲೇ ಒಂದು ಮಗು ನನ್ನ ಕೈಯಲ್ಲಿ ಹೋದ ಮೇಲೆ.

ಹಿರಿಯ ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. "ನಡ್ಕೊಂಡು ಬಂದ ಮಗೂನ ಮಲಗಿಸ್ತೀರಿ. ಹೆಚ್ಚುಕಮ್ಮಿ ಆದ್ರೆ ಯಾರಿಗೂ ಉತ್ತರ ಕೊಡೋಕಾಗಲ್ಲ."

"ಕಾದಿದ್ದಕ್ಕೆ ಉತ್ತರ ಕೊಟ್ಟಾಯ್ತಲ್ಲ ಸಾರ್" ಎಂದೆ. ಅಷ್ಟು ಒರಟಾಗಿ ಅವರೊಡನೆ ನಾನು ಮಾತಾಡಿದ್ದು ಅದೊಂದೇ ಸಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಸ್ಕ್ಯಾನ್ ಮಾಡ್ಸಿ. ಎದೇಲಿ, ಹೊಟ್ಟೇಲಿ ಒಂದು ಚುಕ್ಕೇನೂ ಇರ್ಬಾರ್ದು. ಇಲ್ದೇ ಇದ್ರೆ ನಾನೂ ಸೂಜಿ ಹಿಡೀತೀನಿ" ಎಂದರು.

ಚುಕ್ಕೆ ಇರಲಿಲ್ಲ. ಅಪ್ಪ ಅಮ್ಮನಿಗೆ ಎಲ್ಲ ಹೇಳಿದೆ, ಸಾಯುವ ಸಾಧ್ಯತೆಯನ್ನೂ ಸೇರಿಸಿ. ಅಪ್ಪ ಹೆಂಡತಿಯ ಕಡೆ ನೋಡಿದ. ಅಮ್ಮ ಇಷ್ಟು ದಿನದಲ್ಲಿ ನನ್ನೊಡನೆ ಆಡಿದ್ದು ನಾಲ್ಕೇ ಮಾತು. ಅವಳೆಂದಳು: "ಅವಳನ್ನೇ ಕೇಳಿ ಮೇಡಂ. ನಾನ್ ಹೂಂ ಅಂದು ಏನಾದ್ರೂ ಆದ್ರೆ ನಂಗೆ ಬದ್ಕಕ್ಕಾಗಲ್ಲ. ಉಹೂಂ ಅಂದು ಆದ್ರೂನೂ ಅಷ್ಟೇ."

ಹುಡುಗಿಗೆ ಆಗ ಹನ್ನೆರಡು ತುಂಬುತ್ತಿತ್ತು. ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ.

"ತಂಗಿಗೆ ಮಾಡಿದ್ದೇ ನಂಗೂ ಮಾಡ್ತೀರಾ ಆಂಟಿ?"

"ಹೆಚ್ಚೂಕಡಿಮೆ ಅದೇ."

"ಅವಳು ಹೋದ್ಲಲ್ಲ?"

"ಅವಳ ಎದೇಲಿ ಬೂಷ್ಟಿತ್ತು. ನಿನ್ ಎದೇಲಿ ಇಲ್ಲ. ಅದು ದೊಡ್ಡ ವ್ಯತ್ಯಾಸ ಅಂತ ನಾನು ನಂಬಿದೀನಿ. ಆದ್ರೆ ಏನೂ ಆಗಲ್ಲ ಅಂತ ಮಾತು ಕೊಡೋಕೆ ನನ್ ಕೈಲಾಗಲ್ಲ."

"ಮಾಡಿಸ್ಕೊಳ್ದೇ ಇದ್ರೆ?"

"ಈಗೇನೂ ಆಗ್ದೇ ಇರ್ಬೋದು. ಎರಡು ವರ್ಷ, ಐದು ವರ್ಷ. ಆಮೇಲೆ ಯಾವತ್ತೋ ಬರುತ್ತೆ."

ಅವಳು ಕಿಟಕಿಯಾಚೆ ನೋಡುತ್ತ ಯೋಚಿಸಿದಳು. ಕೊನೆಗೆ, "ಪರೀಕ್ಷೆ ಮುಗೀಲಿ" ಎಂದಳು. ಸ್ವಲ್ಪ ತಡೆದು, "ಆ ರೂಮ್ ಬೇಡ. ಪಕ್ಕದ್ದು ಕೊಡಿ" ಎಂದಳು.

ಪರೀಕ್ಷೆ ಮುಗಿದಾಗ ಪಕ್ಕದ ಕೋಣೆಯಲ್ಲಿ ದೊಡ್ಡವರ ವಿಭಾಗದ ರೋಗಿಯೊಬ್ಬರಿದ್ದರು. ಅವರು ಬಿಡುಗಡೆಯಾಗುವ ದಿನಕ್ಕೆ ನಮ್ಮ ದಿನ ಹೊಂದಿಸಿದೆವು. ಅಜ್ಜಿಗೆ ರಕ್ತಹೀನತೆಯಿತ್ತು. ಅದಕ್ಕೂ ಮುಂಚಿನ ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು, ಅವಳದೇ ಒಂದು ಬಾಟಲಿ ರಕ್ತ ಮುಂಚೆಯೇ ತೆಗೆದಿಟ್ಟೆವು, ಎರಡನೇ ಸಲ ಮಜ್ಜೆ ತೆಗೆದ ಮೇಲೆ ಅವಳಿಗೇ ಹಿಂದಿರುಗಿಸಲು. ಈ ಹುಡುಗಿಯ ತೂಕ ಹೆಚ್ಚು, ಐನೂರು ಎಂ.ಎಲ್. ಬೇಕು. ಹಿರಿಯ ವೈದ್ಯರು ಮಾತು ಉಳಿಸಿಕೊಂಡು ಎದುರಿಗೆ ನಿಂತರು. ಹಳೆಯ ಸೂಜಿ ಗುರುತುಗಳ ಪಕ್ಕದಲ್ಲೇ ಮತ್ತೆ ಚುಚ್ಚಿದೆವು. ಸಂಜೆ ವಾರ್ಡಿಗೆ ಹೋದಾಗ ಅಜ್ಜಿ ಮಗ್ಗುಲಾಗಲಾರದೆ ಮಲಗಿದ್ದಳು. "ಈ ಸಲ ನೋವು ಜಾಸ್ತಿ ಕಣಮ್ಮ. ಜಾಸ್ತಿ ತಗೊಂಡ್ರಾ?" ಎಂದಳು. ಹೌದು ಎಂದೆ. "ಒಳ್ಳೇದಾಯ್ತು" ಎಂದು ಕಣ್ಣು ಮುಚ್ಚಿದಳು.

ಆ ದಿನಗಳಲ್ಲಿ ನನ್ನ ಕಿವಿ ಸದಾ ಒಂದು ಕೆಮ್ಮಿಗಾಗಿ ಕಾಯುತ್ತಿತ್ತು. ಜ್ವರ ಬಂತು, ಹೋಯಿತು. ಬಾಯಿ ಹುಣ್ಣಾಯಿತು, ವಾಸಿಯಾಯಿತು. ಹದಿನೇಳನೇ ದಿನ ಕಣಗಳು ಬಂದವು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಏನೋ ನೆಪ ಮಾಡಿಕೊಂಡು ಆ ಕೋಣೆಯ ಹೊರಗೆ ಫೈಲು ಬರೆಯುತ್ತ ಕೂತಿದ್ದೆ. ಅಮ್ಮನೂ ಹೊರಗೆ ಬಂದು ಎದುರು ಕುರ್ಚಿಯಲ್ಲಿ ಕೂತಳು. ಹನ್ನೆರಡು ಕಳೆದ ಮೇಲೆ ಅವಳೆದ್ದು ಒಳಗೆ ಹೋದಳು. ಆಮೇಲೆ ಅಂಗೈ, ಕೆನ್ನೆಯಲ್ಲಿ ಕೆಂಪು ದದ್ದು ಎದ್ದಿತು. ಅಜ್ಜಿಯ ಕಣಗಳು ಹೊಸ ಮೈಯೊಡನೆ ತೆಗೆದ ಜಗಳ ಅದು. ಔಷಧಿಗೆ ಬಗ್ಗಿತು. ಐವತ್ತೆರಡನೇ ದಿನ ಹುಡುಗಿ ನಡೆದುಕೊಂಡೇ ಮನೆಗೆ ಹೋದಳು. ನಾನು ನಾಲ್ಕು ದಿನ ರಜೆ ಹಾಕಿ ನಿದ್ದೆ ಮಾಡಿದೆ. ಸಂತೋಷಕ್ಕಿಂತ ಆಯಾಸವೇ ಹೆಚ್ಚಾಗಿತ್ತು.

ಒಂದು ವರ್ಷದ ತಪಾಸಣೆಗೆ ಅಮ್ಮ ಮಗಳು ಬಂದರು. ಹುಡುಗಿ ನನ್ನ ಭುಜಕ್ಕೆ ಬರುವಷ್ಟು ಬೆಳೆದಿದ್ದಳು. ಔಷಧಿಗಳನ್ನೆಲ್ಲ ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ರಕ್ತದ ವರದಿಗಳನ್ನು ಒಂದೊಂದಾಗಿ ಓದಿದೆ, ಎಲ್ಲವೂ ಇರಬೇಕಾದಲ್ಲಿ ಇದ್ದವು. ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕೆಂದು ಬರೆದು, "ಏನಾದ್ರೂ ಕೇಳೋದಿದ್ಯಾ?" ಎಂದೆ.

ಹುಡುಗಿ ಅಮ್ಮನ ಕಡೆ ನೋಡಿದಳು. ಅಮ್ಮ ತಲೆಯಾಡಿಸಿದಳು.

"ಆಂಟಿ, ನಾನೀಗ ಮಣ್ಣು ಮುಟ್ಬೋದಾ?"

"ಯಾಕೆ? ತೋಟ ಮಾಡ್ಬೇಕಾ?"

ಅಮ್ಮ ಹೇಳಿದಳು: "ಚಿಕ್ಕವಳನ್ನ ಅಂಜನಾಪುರದ ಆಚೆ ನಮ್ ಜಮೀನಲ್ಲಿ ಮಣ್ಣು ಮಾಡಿದ್ವಿ ಮೇಡಂ. ಅಗೆದಿರೋ ಮಣ್ಣಿನ ಹತ್ರ ಇವಳು ಹೋಗ್ಬಾರ್ದು ಅಂತ ನೀವು ಹೇಳಿದ್ರಿ. ಅವತ್ತು ಇವಳನ್ನ ರಸ್ತೇಲಿ ಕಾರಲ್ಲೇ ಕೂರಿಸಿ, ಗ್ಲಾಸ್ ಏರಿಸಿ ಹೋದ್ವಿ. ಎಲ್ರೂ ಒಂದೊಂದ್ ಹಿಡಿ ಹಾಕಿದ್ವಿ. ಇವಳು ಹಾಕ್ಲಿಲ್ಲ. ಆಮೇಲೂ ಇಷ್ಟು ದಿನ ಅಲ್ಲಿಗೆ ಕರ್ಕೊಂಡು ಹೋಗಿಲ್ಲ. ನೀವು ಬೇಡ ಅಂದಿದ್ರಿ ಅಂತ."

ವರದಿಗಳನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ. ಓದಬೇಕಾದದ್ದು ಅವುಗಳಲ್ಲಿ ಏನೂ ಉಳಿದಿರಲಿಲ್ಲ.

"ಹೋಗಿ ಬಾ" ಎಂದೆ. "ನಿನಗೆ ಎಷ್ಟು ಬೇಕೋ ಅಷ್ಟು ಹಾಕು."

"ಮಾಸ್ಕ್ ಹಾಕ್ಕೋಬೇಕಾ?"

"ಬೇಡ. ಬಂದ್ಮೇಲೆ ಕೈ ತೊಳ್ಕೋ. ಎಲ್ರೂ ತೊಳ್ಕೋತಾರಲ್ಲ, ಹಾಗೆ."